ಎಲ್ಲ ಸ್ಪ್ಯಾನರಿಗೂ ಒಂದೇ ಹಿಡಿಕೆ

ಮನೆಯಿಂದ,
ಭಾನುವಾರ, ಬೆಳಗಿನ ಹೊತ್ತು

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಊಟ ಸೇರುತ್ತಿದೆಯೇ? ನಿದ್ದೆ ಬರುತ್ತಿದೆಯೇ? ಪಕ್ಕದ ಮಂಚದ ಹಿರಿಯರು ಇನ್ನೂ ಗೊರಕೆ ಹೊಡೆಯುತ್ತಾರೋ, ಇಲ್ಲಾ ನಿನ್ನ ಗೊರಕೆಗೆ ಹೆದರಿ ಬೇರೆ ಕೋಣೆ ಕೇಳಿಕೊಂಡು ಹೋದರೋ? ಅಮ್ಮ ಚೆನ್ನಾಗಿದ್ದಾಳೆ. ಮಂಡಿನೋವು ಎಂದಿನಂತೆ ಇದೆ, ಅದನ್ನು ಹೇಳಿಕೊಳ್ಳಲು ನೀನಿಲ್ಲವಲ್ಲ ಎಂಬುದೇ ಅವಳಿಗೆ ಹೆಚ್ಚಿನ ನೋವು. ನಾನೂ ಚೆನ್ನಾಗಿದ್ದೇನೆ. ಹೊಟ್ಟೆ ತುಂಬ ಉಣ್ಣುತ್ತೇನೆ, ಬಾಯಿ ತುಂಬ ಬಯ್ಯುತ್ತೇನೆ. ಬಯ್ಯಿಸಿಕೊಳ್ಳಬೇಕಾದವನು ಅರ್ಧಕ್ಕೇ ಫೋನು ಇಟ್ಟುಬಿಡುವುದರಿಂದ ಈ ಸಲ ಕಾಗದ ಬರೆಯಬೇಕಾಗಿ ಬಂತು. ಕಾಗದವನ್ನೂ ಅರ್ಧಕ್ಕೆ ಮಡಚಿಡಬಹುದು, ನಿಜ. ಆದರೆ ಅದು ದಿಂಬಿನ ಪಕ್ಕದಲ್ಲೇ ಬಿದ್ದಿರುತ್ತದೆ, ನೀನು ಕುತೂಹಲ ತಡೆಯಲಾರದವನು, ಹೇಗೂ ತೆಗೆದು ಓದುತ್ತೀಯ.

ನಿನ್ನ ವಾರ್ಡಿನ ನರ್ಸಮ್ಮ ಅಮ್ಮನಿಗೆ ಫೋನು ಮಾಡಿದ್ದರು. ಗಾಯ ಪೂರ್ತಿ ಮಾಗಿದೆಯಂತೆ, ಹೊಲಿಗೆಯ ಗುರುತೂ ಮಾಸುತ್ತಿದೆಯಂತೆ. ಆದರೆ ಕೈಗೆ ವ್ಯಾಯಾಮ ಮಾಡಿಸುವ ಕೋಣೆಯ ಕಡೆಗೆ ನೀನು ತಲೆ ಹಾಕುವುದಿಲ್ಲವಂತೆ. ಬಲಗೈಗೆ ಹಗಲಿಡೀ ರಬ್ಬರಿನ ಗವಸು ತೊಟ್ಟು, ಅದರ ಮೇಲೆ ಟವೆಲ್ಲು ಹೊದಿಸಿಕೊಂಡು, ಎಡಗೈಯಲ್ಲೇ ಉಣ್ಣುತ್ತೀಯಂತೆ. ಡಾಕ್ಟರು ಹೇಳಿದ್ದನ್ನು ನರ್ಸಮ್ಮ ಅಮ್ಮನಿಗೆ ಒಂದು ಸಲ ಹೇಳಿದರು, ಅಮ್ಮ ನನಗೆ ಹತ್ತು ಸಲ ಹೇಳಿದಳು. ಉಳಿದ ಬೆರಳುಗಳನ್ನು ಈಗಲೇ ಮಡಚಿ ಬಿಡಿಸಿ ಮಾಡದಿದ್ದರೆ ಅವೂ ಸೆಟೆದುಕೊಳ್ಳುತ್ತವೆ, ಆಮೇಲೆ ಯಾರು ಏನು ಮಾಡಿದರೂ ಬಗ್ಗುವುದಿಲ್ಲ. ಕಾರ್ಖಾನೆಯ ಪ್ರೆಸ್ಸು ನಿನ್ನ ಉಂಗುರದ ಬೆರಳನ್ನೂ ಕಿರುಬೆರಳನ್ನೂ ತೆಗೆದುಕೊಂಡಿತು. ಅದು ಯಂತ್ರ, ಅದಕ್ಕೆ ಬುದ್ಧಿಯಿಲ್ಲ ಎಂದು ಸುಮ್ಮನಾಗಬಹುದು. ಉಳಿದ ಮೂರನ್ನು ತಾನಾಗಿ ಕಳೆದುಕೊಳ್ಳಲು ಹೊರಟವನಿಗೆ ಏನು ಹೇಳಲಿ? ನನಗೆ ಭಯವಾಗಿದೆ, ತಮ್ಮಾ. ಮೊದಲು ಅದನ್ನು ಹೇಳಿಬಿಡುತ್ತೇನೆ, ಬಯ್ಗುಳ ಆಮೇಲೆ.

ಹೋದ ವಾರ ನೀನು ಅಮ್ಮನಿಗೆ ಹೇಳಿದ ಮಾತು ನನ್ನ ಕಿವಿಗೂ ಬಿತ್ತು. "ಗಾಡಿ ಮಾರಿಬಿಡಿ. ಸಾಮಾನೆಲ್ಲಾ ಯಾರಿಗಾದ್ರೂ ಕೊಟ್ಬಿಡಿ, ನಂಗಿನ್ಯಾಕೆ ಅದು." ಅಮ್ಮ ಫೋನು ಇಟ್ಟು, ಮುಖ ತೊಳೆದುಕೊಂಡು ಬಂದು, ಏನೂ ಆಗದವಳಂತೆ ಬಟ್ಟೆ ಮಡಚಲು ಕುಳಿತಳು. ನನಗೆ ಸಿಟ್ಟು ನೆತ್ತಿಗೇರಿತು. ಯಾರಿಗಾದರೂ ಕೊಡುವ ಸಾಮಾನನ್ನು ನಾನೇ ಏಕೆ ತೆಗೆದುಕೊಳ್ಳಬಾರದು ಎಂದುಕೊಂಡು ನಿನ್ನ ಕೆಂಪು ಕಬ್ಬಿಣದ ಪೆಟ್ಟಿಗೆಯ ಬೀಗ ತೆಗೆದೆ. ಮುಂದೆ ಓದುವ ಮೊದಲು ಸರಿಯಾಗಿ ಒರಗಿ ಕುಳಿತುಕೋ. ನಿನ್ನ ಸ್ಪ್ಯಾನರುಗಳನ್ನು ಕತ್ತರಿಸಿದ್ದೇನೆ.

ಹೌದು, ಅವನ್ನೇ. ನೀನು ಒಂದೊಂದನ್ನೂ ಒರೆಸಿ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿಡುತ್ತಿದ್ದ ಅದೇ ಸೆಟ್ಟು. ಬೆಟ್ಟ ಹತ್ತಿ ಇಳಿದು ಸಮುದ್ರದವರೆಗೆ ಈ ಬೈಕಿನಲ್ಲಿ ಹೋಗಬೇಕು, ಸಾಮಾನಿನ ಚೀಲ ಸೀಟಿನ ಕೆಳಗಿನ ಡಬ್ಬಿಯಲ್ಲಿ ಹಿಡಿಸಬೇಕು, ಅದಕ್ಕೆ ಸ್ಪ್ಯಾನರುಗಳನ್ನು ಗಿಡ್ಡ ಮಾಡಿಸಬೇಕು ಎಂದು ಎಷ್ಟು ವರ್ಷದಿಂದ ರಾಗ ಎಳೆಯುತ್ತಿದ್ದೆ? ಗರಗಸ ಕೈಗೆ ಬಂದ ಕೂಡಲೇ "ಒಳ್ಳೇ ಉಕ್ಕು ಅಕ್ಕಾ, ಮನಸ್ಸು ಬರಲ್ಲ" ಎಂದು ಮತ್ತೆ ಬಟ್ಟೆ ಸುತ್ತಿಡುತ್ತಿದ್ದೆ. ನನಗೆ ಮನಸ್ಸು ಬಂತು. ಮೊದಲು ಗಾಡಿಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತು, ಮೇಲಿನಿಂದ ಕೆಳಗಿನವರೆಗೆ ಒಂದೊಂದು ನಟ್ಟಿಗೂ ಸ್ಪ್ಯಾನರ್ ಇಟ್ಟು ನೋಡಿದೆ. ನಮ್ಮ ಗಾಡಿಗೆ ಬೇಕಾದದ್ದು ಹತ್ತು, ಹನ್ನೆರಡು, ಹದಿನಾಲ್ಕು, ಹದಿನೇಳು ನಂಬರಿನವು, ಮತ್ತೆ ಹಿಂದಿನ ಚಕ್ರದ ಆಕ್ಸಲಿನ ದೊಡ್ಡದೊಂದು, ಅಷ್ಟೇ. ಪೆಟ್ಟಿಗೆಯಲ್ಲಿದ್ದ ಉಳಿದ ಬಳಗವೆಲ್ಲ ಬರೀ ಮದುವೆಮನೆಯ ನೆಂಟರು. ಆ ಐದನ್ನು ಕಬ್ಬಿಣ ಬಿಗಿಹಿಡಿಯುವ ವೈಸಿಗೆ ಕಚ್ಚಿಸಿ, ರಿಂಗಿನ ಕಡೆಯನ್ನು ಇಟ್ಟುಕೊಂಡು, ತೆರೆದ ಬಾಯಿಯ ಕಡೆಯನ್ನು ಕೊಯ್ದು ಹಾಕಿದೆ. ಒಂದೊಂದೂ ಈಗ ನನ್ನ ಅಂಗೈಗಿಂತ ಚಿಕ್ಕದು. ಸ್ಕ್ರೂಡ್ರೈವರಿನ ಹಿಡಿಯನ್ನೂ ಕಿತ್ತು, ಒಂದು ತುದಿಗೆ ಚಪ್ಪಟೆ, ಇನ್ನೊಂದು ತುದಿಗೆ ನಕ್ಷತ್ರ ಮಾಡಿಸಿದ್ದೇನೆ. ಬಯ್ಯುವುದಿದ್ದರೆ ಬಂದು ಬಯ್ಯಿ.

ತುದಿಗಳನ್ನು ಉಜ್ಜಿ ನಯ ಮಾಡಲು ನಮ್ಮ ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಪಾಲಿಷ್ ಮಾಡುವ ಯಂತ್ರಕ್ಕೇ ಹಿಡಿದೆ. ಅದಕ್ಕೆ ಉಕ್ಕು ಉಜ್ಜುವ ಕಲ್ಲು ಹಾಕಿದ್ದನ್ನು ನೋಡಿ ಲ್ಯಾಬಿನ ಯಜಮಾನರು ಯಾವ ರಾಕ್ಷಸನಿಗೆ ಹಲ್ಲು ಕಟ್ಟುತ್ತಿದ್ದೇನೆಂದು ವಿಚಾರಿಸಿದರು. ಪಾಪ, ಬೇಡವೆನ್ನಲಿಲ್ಲ. ಹನ್ನೆರಡರ ರಿಂಗು ಸ್ವಲ್ಪ ದಪ್ಪವೆನಿಸಿ ತೆಳ್ಳಗೆ ಮಾಡೋಣವೆಂದು ಒತ್ತಿ ಹಿಡಿದೆ. ನೋಡನೋಡುತ್ತಿದ್ದಂತೆ ಅದು ನೀಲಿಗೆ ತಿರುಗಿತು. ಬಣ್ಣ ಚೆನ್ನಾಗಿದೆಯಲ್ಲ ಎಂದು ಖುಷಿಪಟ್ಟು ಮನೆಗೆ ತಂದೆ, ನಟ್ಟಿಗೆ ಹಾಕಿ ತಿರುಗಿಸಿದರೆ ರಿಂಗೇ ಅಗಲವಾಗಿ ಜಾರಿತು. ನೀಲಿಯಾದರೆ ಉಕ್ಕಿನ ಬಿಗಿ ಸತ್ತಿತೆಂದು ನೀನು ಯಾವಾಗಲೋ ಹೇಳಿದ್ದು ಆಗ ನೆನಪಾಯಿತು. ಪೆಟ್ಟಿಗೆಯ ತಳದಲ್ಲಿ ಇನ್ನೊಂದು ಹನ್ನೆರಡು ಇತ್ತು, ನನ್ನ ಪುಣ್ಯ. ಎರಡನೇ ಸಲ ಪಕ್ಕದಲ್ಲಿ ಬಟ್ಟಲು ನೀರು ಇಟ್ಟುಕೊಂಡು, ಮುಳುಗಿಸಿ ಮುಳುಗಿಸಿ ಉಜ್ಜಿದೆ. ಕೆಲಸ ಕೆಡಿಸಿದ ಮೇಲೆ ಬುದ್ಧಿ ಬರುವುದು ನಮ್ಮ ಮನೆಗೆ ಹೊಸತೇನಲ್ಲ.

ಕತ್ತರಿಸಿದ್ದಾದ ಮೇಲೆ ಪರೀಕ್ಷೆ ಇಲ್ಲದೆ ಆಗುತ್ತದೆಯೇ? ಪ್ರತಿ ಪ್ರವಾಸಕ್ಕೂ ಮುಂಚೆ ನಾನು ನಿನ್ನ ಪೆಟ್ಟಿಗೆಗೆ ಬೀಗ ಹಾಕಿ ಕೀಲಿಕೈ ಬಚ್ಚಿಡಬೇಕು, ನೀನು ಅಂಗಳದಲ್ಲಿ ನೆಲದ ಮೇಲೆ ಕುಳಿತು, ಬರೀ ಚೀಲದಲ್ಲಿದ್ದ ಸಾಮಾನಿನಿಂದ ಎರಡೂ ಚಕ್ರ ಬಿಚ್ಚಿ ಮತ್ತೆ ಕೂರಿಸಿ ತೋರಿಸಬೇಕೆಂಬುದು ನಮ್ಮಿಬ್ಬರ ಕಾನೂನು. ಒಂದು ಸಲ ನೀನು ಇಕ್ಕಳ ಮರೆತು, ಆಕ್ಸಲಿನ ಪಿನ್ನನ್ನು ನನ್ನ ಕೂದಲಿನ ಕ್ಲಿಪ್ಪಿನಿಂದ ಎಳೆದು ಪಾಸಾದೆನೆಂದು ಕುಣಿದಿದ್ದೆ. ಕ್ಲಿಪ್ಪು ಚೀಲದಲ್ಲಿರಲಿಲ್ಲ, ನೀನು ಫೇಲು. ಇವತ್ತಿಗೂ ಫೇಲೇ. ಈ ಸಲ ಪರೀಕ್ಷೆಗೆ ನಾನು ಕುಳಿತೆ. ಚೀಲ ನಿನ್ನದು, ಆದ್ದರಿಂದ ಕೈಯೂ ನಿನ್ನದೇ ಆಗಬೇಕೆಂದು ಬಲಗೈಯ ಕಿರುಬೆರಳು, ಉಂಗುರದ ಬೆರಳು ಎರಡನ್ನೂ ಅಂಗೈಗೆ ಮಡಚಿ ಬಿಗಿಯಾಗಿ ಟೇಪು ಸುತ್ತಿಕೊಂಡೆ. ಬೇಜಾರು ಮಾಡಿಕೊಳ್ಳಬೇಡ. ಬೇಜಾರಾದರೂ ಓದು.

ಮೊದಲು ಇಕ್ಕಳ ತೆಗೆದುಕೊಂಡೆ. ಹಿಚುಕಲು ಬಂತು, ತೆರೆಯಲು ಬರಲಿಲ್ಲ. ಅದರ ಎರಡು ಹಿಡಿಗಳ ನಡುವೆ ತೂರಿ ತೆರೆಯುವುದು ಕಿರುಬೆರಳು ಎಂಬುದು ಇಷ್ಟು ವರ್ಷ ಇಕ್ಕಳ ಹಿಡಿದ ನನಗೆ ಗೊತ್ತೇ ಇರಲಿಲ್ಲ. ಅದಕ್ಕೊಂದು ಸ್ಪ್ರಿಂಗು ಕೂರಿಸಿದ್ದೇನೆ, ಈಗ ಬಿಟ್ಟ ಕೂಡಲೇ ತಾನೇ ಬಾಯಿ ಬಿಡುತ್ತದೆ, ನಮ್ಮ ಲ್ಯಾಬಿಗೆ ಬರುವವರ ಹಾಗೆ. ಹತ್ತು, ಹನ್ನೆರಡು, ಹದಿನಾಲ್ಕು ಹೇಗೋ ಆದವು. ಹದಿನೇಳಕ್ಕೆ ಬೆವರಿದೆ. ಆಕ್ಸಲಿನ ನಟ್ಟಿಗೆ ಬಂದಾಗ ಗಿಡ್ಡ ಸ್ಪ್ಯಾನರ್ ಕೈಯೊಳಗೆ ಹೊರಳಿ, ಅದರ ಅಂಚು ಅಂಗೈಗೆ ಕಚ್ಚಿತೇ ಹೊರತು ನಟ್ಟು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಬಿಗಿಹಿಡಿತವೆಲ್ಲ ಆ ಎರಡು ಬೆರಳುಗಳದ್ದೇ ಅಂತೆ ನೋಡು, ಹೆಬ್ಬೆರಳು ತೋರುಬೆರಳುಗಳದ್ದು ಬರೀ ಯಜಮಾನಿಕೆ. ಅಂಗಳದಲ್ಲಿ ಕುಳಿತು ಅತ್ತೆ, ತಮ್ಮಾ. ನನಗೆ ಬೇಡವೆನಿಸಿದಾಗ ಟೇಪು ಬಿಚ್ಚಿಕೊಳ್ಳಬಹುದಿತ್ತು, ಬಿಚ್ಚಿಕೊಂಡೆ. ನೀನು ಆ ಟವೆಲ್ಲಿನ ಕೆಳಗೆ ಏನನ್ನು ಮುಚ್ಚಿಟ್ಟುಕೊಂಡಿದ್ದೀಯೆಂದು ಅವತ್ತು ನನಗೆ ಸ್ವಲ್ಪ ಗೊತ್ತಾಯಿತು. ಪೂರ್ತಿ ಗೊತ್ತಾಯಿತೆಂದು ಹೇಳುವ ಧೈರ್ಯ ನನಗಿಲ್ಲ.

ಅತ್ತು ಮುಗಿದ ಮೇಲೆ ತಲೆ ಓಡಿತು. ಬಲ ಕಡಿಮೆಯಿದ್ದರೆ ಸ್ಪ್ಯಾನರ್ ಉದ್ದವಿರಬೇಕು, ಉದ್ದವಿದ್ದರೆ ಡಬ್ಬಿಯಲ್ಲಿ ಹಿಡಿಸುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಎರಡು ದಿನ ಹಲ್ಲು ಉಜ್ಜುತ್ತ, ಅಂದರೆ ಬೇರೆಯವರ ಹಲ್ಲು ಉಜ್ಜುತ್ತ, ಇದನ್ನೇ ಯೋಚಿಸಿದೆ. ಐದಕ್ಕೂ ಐದು ಉದ್ದನೆಯ ಹಿಡಿ ಯಾಕೆ ಬೇಕು? ಒಂದೇ ಹೊತ್ತಿಗೆ ಐದು ನಟ್ಟು ಬಿಚ್ಚುವವರು ಯಾರು? ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ ನನ್ನ ಹಳೆಯ ಸೈಕಲ್ಲಿನಿಂದ ಸೀಟಿನ ಕೆಳಗಿನ ಕೊಳವೆ ಕಿತ್ತು, ಅದರ ಒಂದು ತುದಿಯನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ, ಸ್ಪ್ಯಾನರಿನ ಬಾಲ ಒಳಗೆ ಬಿಗಿಯಾಗಿ ಕೂರುವ ಹಾಗೆ ಅರದಿಂದ ಉಜ್ಜಿದೆ. ಈಗ ಐದು ಗಿಡ್ಡ ಸ್ಪ್ಯಾನರಿಗೂ ಒಂದೇ ಉದ್ದನೆಯ ಹಿಡಿಕೆ. ಯಾವುದು ಬೇಕೋ ಅದನ್ನು ತೂರಿಸು, ತಿರುಗಿಸು, ಎಳೆದು ತೆಗೆ. ಡಬ್ಬಿಯಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ಇಟ್ಟರೆ ಮುಚ್ಚಳ ಮುಚ್ಚುತ್ತದೆ, ಇಟ್ಟು ನೋಡಿದ್ದೇನೆ. ಬೆರಳಿಗೆ ಮತ್ತೆ ಟೇಪು ಸುತ್ತಿಕೊಂಡು ಆಕ್ಸಲ್ ನಟ್ಟಿಗೆ ಹಾಕಿದೆ. ಕೊಳವೆ ಅಂಗೈಯಲ್ಲಿ ಜಾರಿತು, ಆದರೆ ಜಾರುವ ಮುಂಚೆ ನಟ್ಟು ಕಿರ್ರೆಂದಿತು. ಅಮ್ಮ ಒಳಗಿನಿಂದ ಓಡಿ ಬಂದಳು, ನಾನೇ ಕಿರುಚಿದೆನೆಂದುಕೊಂಡು.

ಇನ್ನು ಉಳಿದದ್ದು ಜಾರದ ಹಿಡಿ. ಅದು ನನ್ನ ಕಸುಬು, ಅದರಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದುಕೊಂಡೆ. ಕೊಳವೆಗೆ ಅಲ್ಲಲ್ಲಿ ಕಚ್ಚು ಹಾಕಿ, ತಂತಿ ಸುತ್ತಿ, ಮೇಲೆ ಹಲ್ಲಿನ ಸೆಟ್ಟಿಗೆ ಹಾಕುವ ಅಕ್ರಿಲಿಕ್ ಕೂರಿಸಿದರೆ ಕಲ್ಲಿನ ಮೇಲೆ ಬಡಿದರೂ ಏಳುವುದಿಲ್ಲ. ಬಣ್ಣ ಮಾತ್ರ ಒಸಡಿನದು, ತಿಳಿಗೆಂಪು. ನಗಬೇಡ, ಲ್ಯಾಬಿನಲ್ಲಿ ಇರುವುದು ಅದೊಂದೇ. ಹಿಡಿ ನಿನ್ನ ಕೈಗೆ ಸರಿಯಾಗಿ ಕೂರಬೇಕಲ್ಲ, ನೀನು ಇಲ್ಲಿಲ್ಲ. ನಿನ್ನ ಚರ್ಮದ ಸವಾರಿ ಗವಸು ಗೂಟದಲ್ಲಿ ನೇತಾಡುತ್ತಿತ್ತು. ಬಲಗೈಯದನ್ನು ತಂದು, ಒಳಗೆ ಪ್ಲಾಸ್ಟರ್ ಸುರಿದು, ಅದು ಬಿಗಿಯಾಗುವ ಮೊದಲು ಕೊಳವೆಯ ಸುತ್ತ ಮಡಚಿ ದಾರ ಕಟ್ಟಿದೆ. ಗಟ್ಟಿಯಾದ ಮೇಲೆ ಗವಸನ್ನು ಸೀಳಿ ತೆಗೆದೆ. (ಗವಸೂ ಹೋಯಿತು. ಎಣಿಸುತ್ತಿದ್ದೀಯೋ ಇಲ್ಲವೋ?) ಒಳಗಿನಿಂದ ನಿನ್ನ ಕೈ ಬಂತು. ಅದೇ ದಪ್ಪ ಗೆಣ್ಣು, ಅದೇ ಸೊಟ್ಟ ತೋರುಬೆರಳು. ಅದರ ಅಳತೆಗೆ ಹಿಡಿ ಎರಕ ಹಾಕಿ, ಕನ್ನಡಿಯ ಹಾಗೆ ಪಾಲಿಷ್ ಮಾಡಿ, ಬೀಗುತ್ತ ಅಮ್ಮನ ಕೈಗೆ ಕೊಟ್ಟೆ.

ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಹಿಡಿಯ ಮೇಲಿದ್ದ ನಾಲ್ಕು ಬೆರಳಿನ ತಗ್ಗುಗಳಲ್ಲಿ ತನ್ನ ಬೆರಳನ್ನು ಒಂದೊಂದಾಗಿ ಇಟ್ಟಳು. ಆಮೇಲೆ ಮೆಲ್ಲಗೆ, "ಇದು ಅವನ ಹಳೇ ಕೈ ಕಣೇ" ಅಂದಳು.

ದಿನಾ ಎಷ್ಟು ಬಾಯಿಗಳಿಗೆ ಸೆಟ್ಟು ಕಟ್ಟುತ್ತೇನೆ. ಬಂದವರು ತಮ್ಮ ಹರೆಯದ ಫೋಟೋ ತಂದು, ಇದೇ ಹಲ್ಲು ಬೇಕೆಂದು ಹಟ ಮಾಡುತ್ತಾರೆ. ಫೋಟೋ ಪಕ್ಕಕ್ಕಿಟ್ಟು ಬಾಯಿ ತೆರೆಯಿರಿ ಎನ್ನುವುದು ನಾನೇ. ಒಸಡು ಇವತ್ತು ಹೇಗಿದೆಯೋ ಅದರ ಅಚ್ಚು ತೆಗೆಯದೆ ಕಟ್ಟಿದ ಹಲ್ಲು ಒಂದು ತುತ್ತಿಗೂ ಬಾರದು, ಮೊದಲನೆಯ ದಿನವೇ ಲೋಟಕ್ಕೆ ಬೀಳುತ್ತದೆ. ಇದನ್ನು ಊರಿಗೆಲ್ಲ ಹೇಳುವ ನಾನು ನನ್ನ ತಮ್ಮನಿಗೆ ಫೋಟೋ ನೋಡಿ ಹಲ್ಲು ಕಟ್ಟಿದ್ದೆ. ಟೇಪು ಸುತ್ತಿಕೊಂಡು ಹಿಡಿದು ನೋಡಿದೆ. ಖಾಲಿ ಉಳಿದ ಆ ಎರಡು ತಗ್ಗುಗಳು ಹಿಡಿಯನ್ನು ಇನ್ನಷ್ಟು ಅಲ್ಲಾಡಿಸಿದವು, ಬರಿಯ ಕೊಳವೆಯೇ ವಾಸಿ. ಅಕ್ರಿಲಿಕ್ಕನ್ನು ಒಡೆದು ತೆಗೆದೆ. ಪ್ಲಾಸ್ಟರಿನ ಕೈಯನ್ನು ಒಡೆಯಲು ಮಾತ್ರ ಅಮ್ಮ ಬಿಡಲಿಲ್ಲ, ನನಗೂ ಕೈ ಏಳಲಿಲ್ಲ. ಬೀರುವಿನ ಮೇಲೆ ಬಟ್ಟೆ ಮುಚ್ಚಿ ಇಟ್ಟಿದ್ದೇವೆ. ಅದನ್ನು ಏನು ಮಾಡಬೇಕೆಂಬುದು ನಿನಗೆ ಸೇರಿದ್ದು.

ಇದರ ನಡುವೆ ಅಮ್ಮನದೊಂದು ಸುದ್ದಿ. ಗಾಡಿ ಎಂದರೆ ಯಮನ ವಾಹನ ಎನ್ನುತ್ತಿದ್ದವಳು, ನಾವು ಹೊರಟಾಗಲೆಲ್ಲ ಬಾಗಿಲಲ್ಲಿ ನಿಂತು ಮುಖ ಊದಿಸಿಕೊಳ್ಳುತ್ತಿದ್ದವಳು, ಹಳೆಯ ದಪ್ಪ ಕ್ಯಾನ್ವಾಸು ಹುಡುಕಿ ಸಾಮಾನಿಗೆ ಸುರುಳಿಚೀಲ ಹೊಲಿದಿದ್ದಾಳೆ. ಒಂದೊಂದು ಸ್ಪ್ಯಾನರಿಗೂ ಅದರದರ ಅಳತೆಯ ಜೇಬು, ಇಕ್ಕಳಕ್ಕೆ ಬೇರೆ ಜೇಬು, ಅಲ್ಲಾಡಿ ಸದ್ದು ಮಾಡದಿರಲೆಂದು ಮೇಲೊಂದು ಮಡಿಕೆ. ಹಿಡಿಕೆಯ ಜೇಬನ್ನು ಮಾತ್ರ ಹೊಲಿಯದೆ ದಾರ ಬಿಟ್ಟಿದ್ದಾಳೆ, ಅದು ಎಷ್ಟು ದಪ್ಪವಾಗುತ್ತದೆಂದು ಗೊತ್ತಾಗಲಿ ಎಂದು. ಯಾಕಮ್ಮ ಈ ಪ್ರೀತಿ ಎಂದು ಕೆಣಕಿದೆ. ಮಗ ಗಾಡಿ ಹತ್ತಿದರೆ ಹೆದರಿಕೆ, ಗಾಡಿಯೇ ಬೇಡವೆಂದರೆ ಅದಕ್ಕಿಂತ ಹೆದರಿಕೆ ಎಂದಳು.

ಆದ್ದರಿಂದ ಕೇಳಿಸಿಕೋ. ಗಾಡಿ ಮಾರುವುದಿಲ್ಲ. ಕೊಳ್ಳಲು ಬಂದ ಒಬ್ಬರಿಗೆ ಇದರ ಎಂಜಿನ್ನು ತಿಂಗಳಿಗೊಮ್ಮೆ ಮುನಿಸಿಕೊಳ್ಳುತ್ತದೆ, ತಣ್ಣೀರು ಹಾಕಿ ಸಮಾಧಾನ ಮಾಡಬೇಕು ಎಂದು ಹೇಳಿ ಕಳಿಸಿದ್ದೇನೆ, ಅವರು ಇನ್ನು ಈ ಬೀದಿಗೇ ಬರಲಾರರು. ಬ್ಯಾಟರಿ ಸಾಯದಿರಲೆಂದು ನಾನೇ ದಿನ ಬಿಟ್ಟು ದಿನ ಒಂದು ಸುತ್ತು ಓಡಿಸುತ್ತಿದ್ದೇನೆ. ಸಮುದ್ರದವರೆಗಿನ ದಾರಿಯಲ್ಲಿ ಮೊದಲ ಅರ್ಧ ನಾನು ಓಡಿಸುತ್ತೇನೆ, ನೀನು ಹಿಂದೆ ಕುಳಿತು ನನ್ನ ಗೇರು ಬದಲಿಸುವಿಕೆಯನ್ನು ಆಡಿಕೊಳ್ಳಬಹುದು. ಉಳಿದ ಅರ್ಧದ ಮಾತು ಅಲ್ಲಿಗೆ ಹೋದ ಮೇಲೆ. ಆದರೆ ದಾರಿಯಲ್ಲಿ ಚಕ್ರ ಬಿಚ್ಚುವ ಕೆಲಸ ನನ್ನದಲ್ಲ. ಅದು ಯಾವತ್ತೂ ನಿನ್ನದೇ, ಇನ್ನು ಮುಂದೆಯೂ ನಿನ್ನದೇ. ಅಂಗಳದ ಪರೀಕ್ಷೆಗೆ ನೀನು ಕೂರಬೇಕು, ಕೀಲಿಕೈ ನನ್ನ ಹತ್ತಿರವಿದೆ. ಪಾಸಾಗದೆ ಈ ಮನೆಯಿಂದ ಗಾಡಿ ಹೊರಡುವುದಿಲ್ಲ, ಪಾಸಾಗುವವರೆಗೆ ನಾನು ನಿನ್ನನ್ನು ಬಿಡುವುದೂ ಇಲ್ಲ. ಹಟದಲ್ಲಿ ನಾವಿಬ್ಬರೂ ಒಂದೇ ಹೊಟ್ಟೆಯವರು, ಆದರೆ ನಾನು ಮೊದಲು ಹುಟ್ಟಿದವಳು.

ಪಕ್ಕದ ಮಂಚದ ಹಿರಿಯರಿಗೂ ನರ್ಸಮ್ಮನಿಗೂ ನಮ್ಮ ನಮಸ್ಕಾರ ತಿಳಿಸು. ವೇಳೆಗೆ ಸರಿಯಾಗಿ ಊಟ ಮಾಡು. ಅಮ್ಮ ನಿನ್ನ ತಲೆ ಸವರಿದ್ದೇನೆಂದು ಬರೆಯಲು ಹೇಳಿದ್ದಾಳೆ, ಸವರಿದ್ದಾಳೆಂದು ತಿಳಿದುಕೋ. ದೇವರು ನಿನಗೆ ಆರೋಗ್ಯವನ್ನೂ ನನಗೆ ತಾಳ್ಮೆಯನ್ನೂ ಕೊಡಲಿ.

ನಿನ್ನ
ಅಕ್ಕ

ತಾ. ಕ.: ಅಂಚೆಗೆ ಹೊತ್ತಾಯಿತು, ಮುಖ್ಯವಾದದ್ದನ್ನೇ ಬರೆದಿಲ್ಲ. ಈ ಕಾಗದದ ಜೊತೆಗಿರುವ ಡಬ್ಬಿಯಲ್ಲಿ ಎರಡು ಬಣ್ಣದ ಎರಡು ಉಂಡೆಗಳಿವೆ, ಹಲ್ಲಿನ ಅಚ್ಚು ತೆಗೆಯುವ ಹಿಟ್ಟು. ಎರಡನ್ನೂ ಸೇರಿಸಿ ಒಂದೇ ಬಣ್ಣ ಬರುವವರೆಗೆ ನಾದಬೇಕು, ಎಡಗೈಯೊಂದರಿಂದ ಆಗುವುದಿಲ್ಲ. ರಬ್ಬರಿನ ಗವಸು ತೆಗೆದಿಡು, ಅದು ತಾಗಿದರೆ ಈ ಹಿಟ್ಟು ಗಟ್ಟಿಯಾಗುವುದೇ ಇಲ್ಲ, ಸೋಪು ಹಚ್ಚಿ ಕೈ ತೊಳೆದು ಬರಿಗೈಯಲ್ಲೇ ಮಾಡು. ಕೊಳವೆಯ ಒಂದು ತುಂಡನ್ನೂ ಇಟ್ಟಿದ್ದೇನೆ. ಹಿಟ್ಟನ್ನು ಅದಕ್ಕೆ ಮೆತ್ತಿ, ಬಲಗೈಯಲ್ಲಿ ಹಿಡಿದು, ತುಕ್ಕು ಹಿಡಿದ ನಟ್ಟು ಬಿಚ್ಚುವವನ ಹಾಗೆ ಬಲವಾಗಿ ಒತ್ತು. ನೋಯುತ್ತದೆ, ಗೊತ್ತು. ಗಟ್ಟಿಯಾಗುವವರೆಗೆ ಬಿಡಬೇಡ. ಬೆರಳಿಲ್ಲದ ಕಡೆ ಅಂಗೈ ಹೇಗಿದೆಯೋ ಹಾಗೆಯೇ ಅಚ್ಚಾಗಲಿ, ಅಲ್ಲಿ ಎಷ್ಟು ದಪ್ಪ ತುಂಬಬೇಕೆಂಬುದು ನನ್ನ ಕೆಲಸ. ವಾಪಸು ಕಳಿಸಲು ವಿಳಾಸ ಬರೆದು ಸ್ಟಾಂಪು ಹಚ್ಚಿದ ಚೀಲ ಒಳಗೇ ಇದೆ. ಈ ಹಿಟ್ಟು ಒಮ್ಮೆ ಕಲಸಿದರೆ ಮತ್ತೆ ಮೆತ್ತಗಾಗುವುದಿಲ್ಲ, ಬೇರೆ ಉಂಡೆ ಕಳಿಸಿಲ್ಲ, ಕಳಿಸುವುದೂ ಇಲ್ಲ. ನಿನ್ನ ಕೈ ಈಗ ಹೇಗಿದೆಯೆಂದು ನಾನಿನ್ನೂ ನೋಡಿಲ್ಲ. ತೋರಿಸು.